ಊಟ ಬೀದರಕ್ಕೆ ಹೋದ ದಿನ

ಶಾಸಕರು ನನ್ನನ್ನು ದುಭಾಷಿ ಕೆಲಸಕ್ಕೆ ಒಪ್ಪಿಸಿದ್ದು ಒಂದೇ ಮಾತಿನಲ್ಲಿ. ಭಾಲ್ಕಿಯ ಅವರ ಮನೆಯ ಪಡಸಾಲೆಯಲ್ಲಿ ಚಹಾದ ಕಪ್ಪು ಕೆಳಗಿಟ್ಟು ಹೇಳಿದರು:

“ಸರಕಾರದವರು ಪರದೇಶಕ್ಕ ಹೋಗ್ತಾರ್ರಿ ಮೇಡಂ, ಹವಾಮಾನದ ಬಗ್ಗೆ ಸಹಿ ಹಾಕಿ ಬರ್ತಾರ. ಆ ಸಹಿಗೆ ಜೀವಾ ಬರೋದು ಯಾವಾಗ? ನಮ್ಮಂಥವರು ಸದನದಾಗ ಕಾನೂನ ಮಾಡಿ, ಬಜೆಟ್ಟಿನಾಗ ಅದಕ್ಕೊಂದು ಜಾಗಾ ಇಟ್ಟಾಗ. ಇಲ್ಲಂದ್ರ ಅದು ಬರೇ ಮಸಿ.”

ನಾನು ಸುಲಭಕ್ಕೆ ಮರುಳಾಗುವ ಪೈಕಿಯಲ್ಲ. ಬೀದರದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತ, ಸ್ನೇಹ ಸಮ್ಮೇಳನದ ವೇದಿಕೆ ಮೇಲೆ ಬಂದು ಹೋಗುವ ದೊಡ್ಡವರ ಭಾಷಣ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. ಆದರೆ ಈ ಮಾತಿನಲ್ಲಿ ಹುರುಳಿತ್ತು. ತಾನು ಮಾಡಬೇಕಾದ ಕೆಲಸ ಏನು ಎಂದು ಗೊತ್ತಿರುವ ಶಾಸಕರನ್ನು ನಾನು ಅದೇ ಮೊದಲು ನೋಡಿದ್ದು. ಅವರ ಕ್ಷೇತ್ರ ಯಾವುದು, ಪಕ್ಷ ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಹೆಸರು ಹೇಳಿ ಅವರನ್ನು ಇನ್ನಷ್ಟು ದೊಡ್ಡವರನ್ನಾಗಿ ಮಾಡುವ ಮನಸ್ಸು ನನಗಿಲ್ಲ.

ವಿಷಯ ಹೀಗಿತ್ತು. ಬೇರೆ ಬೇರೆ ದೇಶಗಳ ಶಾಸನಸಭೆಗಳ ಸದಸ್ಯರು ಸೇರಿ ಕಟ್ಟಿಕೊಂಡ ಒಂದು ತಂಡವಿತ್ತು. ಸರ್ಕಾರಗಳು ಹೊರಗೆ ಕೊಟ್ಟು ಬಂದ ಮಾತನ್ನು ಒಳಗೆ ಕಾನೂನು ಮಾಡಿಸುವುದು ಅದರ ಉದ್ದೇಶ. ತಂಡ ಒಂದು ಮಾದರಿ ಮಸೂದೆ ಬರೆಯುತ್ತಿತ್ತು. ಬರೆದು ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಸದನದಲ್ಲಿ ಅದನ್ನು ಮಂಡಿಸಬೇಕು. ನಮ್ಮ ಶಾಸಕರು ಅದರಲ್ಲಿ ಒಂದು ಕಲಮು ಸೇರಿಸಲು ಹೊರಟಿದ್ದರು. ಬರ ಬಿದ್ದು ಗುಳೆ ಹೋಗುವವರ ಮಕ್ಕಳನ್ನು ಊರಲ್ಲೇ ಇಟ್ಟು, ಉಣಿಸಿ, ಓದಿಸುವ ಹೊಣೆ ಸರ್ಕಾರದ್ದು; ಅದಕ್ಕೆ ಶ್ರೀಮಂತ ದೇಶಗಳ ಹವಾಮಾನ ನಿಧಿಯಲ್ಲೂ ಪಾಲು ಇರಬೇಕು. ಕಲಮು ಒಪ್ಪಿಗೆಯಾದರೆ ಮೊದಲ ಹಾಸ್ಟೆಲ್ ನಮ್ಮ ಔರಾದ ತಾಲೂಕಿನಲ್ಲೇ, ಆ ದೀಪಾವಳಿಗೇ, ಪ್ರಯೋಗವಾಗಿ ಶುರುವಾಗಬೇಕು ಎಂದು ಮಾತಾಗಿತ್ತು.

ತಂಡಕ್ಕೊಂದು ನಿಯಮವಿತ್ತು. ಆಯಾ ಊರಿಗೆ ಹೋಗಿ, ಆ ಜನರ ಬಾಯಿಂದ, ಅವರ ಮಾತಿನಲ್ಲೇ ಸಾಕ್ಷಿ ಕೇಳಬೇಕು. ಕೇಳಿದ್ದನ್ನು ತಂಡದ ಕಾರ್ಯದರ್ಶಿ ಅಲ್ಲೇ ಕೂತು ದಾಖಲು ಮಾಡಬೇಕು. ಸಾಕ್ಷಿ ಇಲ್ಲದೆ ಕಲಮಿಲ್ಲ. ಸಾಕ್ಷಿ ಕೇಳುವ ದಿನ ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತು ಮಾಡುವವರು ಆ ಸೀಮೆಯ ಆತಿಥೇಯ ಸದಸ್ಯರು, ಅಂದರೆ ನಮ್ಮ ಶಾಸಕರೇ.

ಊರನ್ನೂ ಅವರೇ ಆರಿಸಿದರು. ಎಕಂಬಾ ಕಡೆಯ ಒಂದು ಹಳ್ಳಿ. ಸಾಲು ಸಾಲು ಬರದ ವರ್ಷಗಳವು. ಹೆಸರು, ಉದ್ದು ಬಿತ್ತಿದ್ದು ಹೂ ಬಿಡುವ ಮೊದಲೇ ಒಣಗುತ್ತಿತ್ತು. ದಸರೆ ದಾಟಿದರೆ ಟೋಳಿ ಕಟ್ಟಿಕೊಂಡು ಮಂದಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೊರಡುವರು. ಗಂಡ ಹೆಂಡತಿ ಕಬ್ಬಿನಲ್ಲಿ ನಿಂತರೆ ಗುಡಿಸಲಲ್ಲಿ ರೊಟ್ಟಿ ಬಡಿಯಲು, ಚಿಕ್ಕವರನ್ನು ನೋಡಿಕೊಳ್ಳಲು ಒಂದು ಹೆಣ್ಣುಮಗು ಬೇಕೇ ಬೇಕು. ಹಾಗಾಗಿ ಹೆಣ್ಣುಮಕ್ಕಳ ಸಾಲಿ ದೀಪಾವಳಿಗೆ ನಿಲ್ಲುತ್ತಿತ್ತು. ಯುಗಾದಿಗೆ ತಿರುಗಿ ಬಂದರೆ ಪರೀಕ್ಷೆ ಮುಗಿದಿರುತ್ತಿತ್ತು.

ಆ ಊರಿನ ಸಾಲಿಯಲ್ಲಿ ಬಿಸಿಯೂಟ ಮಾಡುವ ಮುದುಕಿಯೊಬ್ಬಳಿದ್ದಳು. ಊರೆಲ್ಲ ಆಕೆಯನ್ನು ಆಯಿ ಅನ್ನುತ್ತಿತ್ತು, ನಾನೂ ಅಂದೆ. ಬೌದ್ಧ ಧರ್ಮಕ್ಕೆ ಸೇರಿದ ದಲಿತರ ಮನೆಯವಳು. ಹಿಂದಿನ ವರ್ಷ ಗುಳೆ ಹೋದವರ ಒಂದಿಷ್ಟು ಹುಡುಗಿಯರನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ಸಾಲಿಗೆ ಕಳಿಸಿದ್ದಳು. ಈ ವರ್ಷ ಆಕೆಯ ಮನೆಯಲ್ಲೇ ಜೋಳವಿರಲಿಲ್ಲ. ಮಗಳು, ಅಳಿಯ ಟೋಳಿಗೆ ಹೆಸರು ಕೊಟ್ಟಾಗಿತ್ತು. ಎಂಟನೇ ಇಯತ್ತೆಯ ಮೊಮ್ಮಗಳು ಉಳಿಯುವುದೋ ಹೋಗುವುದೋ ಎಂಬುದು ಆ ಹಾಸ್ಟೆಲ್ ಮೇಲೆ ನಿಂತಿತ್ತು.

ಇದೆಲ್ಲ ನನಗೆ ಗೊತ್ತಾದದ್ದು ಹೇಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮುಂದಿನದೆಲ್ಲ ಅದರ ಮೇಲೆಯೇ ಇದೆ.

ಭೇಟಿಗೆ ಮೊದಲು ಒಂದು ಸಲ ಊರು ನೋಡಿ ಬನ್ನಿ ಎಂದು ಶಾಸಕರು ಕಳಿಸಿದ್ದರು. ಬೆಳಿಗ್ಗೆ ಹೋಗಿ ಸಾಲಿಯ ಕಟ್ಟೆ ಮೇಲೆ ಕೂತು ಮಂದಿಯನ್ನು ಮಾತಾಡಿಸಿದೆ. ಮಳೆ ಹೇಗಿದೆ? “ಆಗ್ತದ್ರಿ, ದೇವರದ ಇಚ್ಛಾ.” ಗುಳೆ ಹೋಗುತ್ತೀರಾ? “ಹೋಗೋರು ಹೋಗ್ತಾರ್ರಿ.” ತೊಂದರೆ ಏನು? “ಏನಿಲ್ರಿ, ಆರಾಮ ಅದೀವಿ.” ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇವರಿಗಾಗಿ ನಾನು ಬಸ್ಸಿನಲ್ಲಿ ಮೈ ಮುರಿಸಿಕೊಂಡು ಬಂದರೆ ಇವರು ಆರಾಮ ಅನ್ನುತ್ತಾರಲ್ಲ ಅಂತ ಬ್ಯಾಗು ಹೆಗಲಿಗೇರಿಸಿದೆ. ಆಯಿ ಕೈ ಹಿಡಿದು ಕೂಡಿಸಿದಳು.

“ಎಲ್ಲಿ ಹೊಂಟ್ರಿ ಅಕ್ಕೋರೆ? ಊಟ ಮಾಡದ ಹೋಗ್ತೀರೇನು?”

ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಉಂಡೆ. ಕೈ ತೊಳೆದು ಬರುವುದರೊಳಗೆ ಅಂಗಳ ತುಂಬ ಮಂದಿ. ಬೆಳಿಗ್ಗೆ ಆರಾಮ ಅಂದವರೇ ಬಂದು ಕೂತು, ಒಬ್ಬೊಬ್ಬರೂ ಹೇಳತೊಡಗಿದರು. ಕಬ್ಬು ಕಡಿಯುವ ಫಡದಲ್ಲೇ ಹಡೆದವರು, ಅಲ್ಲೇ ಕೂಸನ್ನು ಕಳಕೊಂಡವರು, ಹತ್ತನೇ ಇಯತ್ತೆಯ ಹಾಲ್ ಟಿಕೆಟ್ ಬಂದಾಗ ಮಗಳು ಊರಲ್ಲಿ ಇರಲಿಲ್ಲ ಎಂದವರು. ನಾನು ಬರೆಯುತ್ತ ಹೋದೆ, ಪೆನ್ನು ಸೋತಿತು.

“ಆಯಿ, ಇದನ್ನ ಮುಂಜಾನೆನೇ ಹೇಳಬಾರದಿತ್ತೇನು?” ಅಂದೆ.

“ಹ್ಯಾಂಗ ಹೇಳಬೇಕ್ರಿ? ಮನಿಗೆ ಬಂದು ಇನ್ನೂ ಉಣ್ಣದ ಪಾವಣ್ಯಾರ ಮುಂದ ಅಳಬಾರದು. ಹಸಿದವರ ತುತ್ತಿನಾಗ ನಮ್ಮ ದುಃಖ ಕಲಸಿದಂಗ ಆಗ್ತದ. ಮೊದಲ ನೀರು, ಆಮ್ಯಾಲ ಊಟ, ಆಮ್ಯಾಲ ಸುಖದುಃಖ.”

ನನ್ನ ತವರು ಭಾಲ್ಕಿ. ನಮ್ಮ ಅಜ್ಜಿಯೂ ಹೀಗೇ ಇದ್ದಳು, ಬಂದವರು ಎಲೆ ಮುಂದಿನಿಂದ ಏಳುವ ತನಕ ಮನೆಯ ಕಷ್ಟದ ಸೊಲ್ಲೆತ್ತುತ್ತಿರಲಿಲ್ಲ. ಬೀದರದ ಬಾಡಿಗೆ ಮನೆಗಳಲ್ಲಿ ಇದ್ದು ಇದ್ದು ನನಗೆ ಅದು ಮರೆತಂತಾಗಿತ್ತು.

ಬಂದು ಶಾಸಕರಿಗೆ ಹೇಳಿದೆ. ಅವರು ನಕ್ಕರು. “ಮೇಡಂ, ನಾ ಏನು ಬೆಂಗಳೂರಾಗ ಹುಟ್ಟೀನೇನು? ನಮ್ಮ ಮಂದಿ ಉಂಡ ಮ್ಯಾಲೇ ಮಾತಾಡ್ತಾರ. ಅದಕ್ಕ ಪಾವಣ್ಯಾರ ಊಟ ಊರಾಗೇ ಇಟ್ಟೀನಿ. ಮೊದಲ ಊಟ, ಆಮ್ಯಾಲ ಸಾಕ್ಷಿ. ನೀವು ಬರೋಬ್ಬರಿ ಇಂಗ್ಲಿಷ್ ಮಾಡ್ರಿ, ಬಾಕಿ ನನಗ ಬಿಡ್ರಿ.” ಕಾರ್ಯಕ್ರಮ ಹಾಗೇ ಅಚ್ಚಾಯಿತು. ನಾನೇ ಕರಡು ತಿದ್ದಿದೆ. ಎಂಥ ಮನುಷ್ಯ, ಜನರ ನಾಡಿಮಿಡಿತ ಬಲ್ಲವನು ಅಂತ ಮನೆಯಲ್ಲಿ ನನ್ನ ಗಂಡನ ಮುಂದೆ ಹೊಗಳಿದ್ದೇ ಹೊಗಳಿದ್ದು.

ದುಭಾಷಿ ಕೆಲಸವೆಂದರೆ ಬರೀ ಎರಡು ಭಾಷೆ ಬಂದರೆ ಸಾಲದು. ಹೇಳುವವರ ಹಿಂದೆ ಅರ್ಧ ಹೆಜ್ಜೆ ಕೂರಬೇಕು. ಅವರು “ನಾನು” ಅಂದರೆ ನೀನೂ “ನಾನು” ಅನ್ನಬೇಕು. ಅವರು ತಪ್ಪು ಹೇಳಿದರೆ ತಪ್ಪನ್ನೇ ಹೇಳಬೇಕು. ಕೂಡಿಸಬಾರದು, ಕಳೆಯಬಾರದು. ತಂಡದವರು ನನ್ನಿಂದ ಹಾಗಂತ ಪ್ರಮಾಣ ಮಾಡಿಸಿಕೊಂಡಿದ್ದರು. ಒಂದೇ ಒಂದು ರಿಯಾಯಿತಿ ಇತ್ತು. ಸ್ಥಳೀಯ ಪದ್ಧತಿ ಗೊತ್ತಿಲ್ಲದೆ ಮಾತಿನ ಅರ್ಥ ಕೆಡುತ್ತಿದ್ದರೆ, ಅಧ್ಯಕ್ಷರ ಅಪ್ಪಣೆ ಕೇಳಿ, ದುಭಾಷಿ ತನ್ನ ಮಾತಿನಲ್ಲಿ ಅದನ್ನು ವಿವರಿಸಬಹುದು. ಹೊರಗಿನವರಿಗೆ ಹೊಸ ಪದಗಳನ್ನು ಹೇಗೆ ದಾಟಿಸುವುದು ಎಂದು ನಾನು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದೆ. ಟೋಳಿ, ಫಡ, ಗುಳೆ, ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಸರಿಯಾದ ಮಾತು ಹುಡುಕಿ, ಗಟ್ಟಿಯಾಗಿ ಹೇಳಿಕೊಂಡು ಅಭ್ಯಾಸ ಮಾಡಿದೆ. ಅಡುಗೆಮನೆಯಲ್ಲಿ ಒಬ್ಬಳೇ ಮಾತಾಡುವುದನ್ನು ಕೇಳಿ ಪಕ್ಕದ ಮನೆಯವರು ನನ್ನ ಗಂಡನನ್ನು ಮೆಲ್ಲಗೆ ವಿಚಾರಿಸಿದ್ದರಂತೆ.

ಆ ದಿನ ಬೀದರದಿಂದ ಕಾರುಗಳು ಹೊರಟವು. ಜನವಾಡದ ಹತ್ತಿರ ಮಾಂಜ್ರಾ ಹೊಳೆಯ ಸೇತುವೆ ಮೇಲೆ ಎಲ್ಲರೂ ಇಳಿದರು. ಹೊಳೆಯಲ್ಲಿ ನೀರಿನ ಬದಲು ಒಣಗಿ ಬಿರುಕು ಬಿಟ್ಟ ರಾಡಿ, ನಡುನಡುವೆ ದನ. ವಿದೇಶಿ ಸಂಸದರು ಫೋಟೋ ತೆಗೆದುಕೊಂಡರು. ತಂಡದ ಅಧ್ಯಕ್ಷೆ, ಬೆಳ್ಳಿ ಕೂದಲಿನ ಗಂಭೀರ ಹೆಂಗಸು, ನನ್ನನ್ನು ಕರೆದು ಹೊಳೆಯ ಹೆಸರು ಕೇಳಿ ಬರೆದುಕೊಂಡಳು. ಒಳ್ಳೆಯವಳು ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಕಾರು ಹತ್ತುವಾಗ ಶಾಸಕರು ನನ್ನ ಪಕ್ಕಕ್ಕೆ ಬಂದರು.

“ಮೇಡಂ, ಒಂದು ಸಣ್ಣ ಬದಲಿ ಆಗ್ಯದ. ಊಟ ಬೀದರದಾಗ ಇಟ್ಟೀವಿ, ಗೆಸ್ಟ್ ಹೌಸಿನಾಗ. ಊರಾಗ ಬರೇ ಸಾಕ್ಷಿ.”

“ಸಾರ್, ಊಟ ಆಗದ ಅವರು ಮಾತಾಡಲ್ಲ. ನೀವೇ ಅಂದಿದ್ರಿ.”

“ಸೆಕ್ಯೂರಿಟಿಯವರು ಕೇಳವಲ್ರು. ಏನ್ ಮಾಡೋದು? ಪರದೇಶದ ಮಂದಿ, ಹೊಟ್ಟಿ ಕೆಟ್ರ ನಮ್ಮ ತಲಿಗೆ ಬರ್ತದ.”

ನಾನು ನಂಬಿದೆ. ಅವರ ಮುಖದಲ್ಲೂ ಬೇಜಾರಿತ್ತು, ಅಥವಾ ಹಾಗೆ ಕಂಡಿತು. ಕಾರಿನಲ್ಲಿ ಕೂತು, ನಾನೇ ಹೇಗಾದರೂ ಮಾಡಿ ಮಂದಿಯನ್ನು ಮಾತಾಡಿಸಬೇಕು ಅಂತ ಲೆಕ್ಕ ಹಾಕುತ್ತ ಹೋದೆ.

ಊರವರಿಗೆ ಬದಲಿಯಾದದ್ದನ್ನು ಯಾರೂ ತಿಳಿಸಿರಲಿಲ್ಲ. ಸಾಲಿಯ ಹಿಂದೆ ಒಲೆಗಳು ಉರಿಯುತ್ತಿದ್ದವು. ಆ ಬರದಲ್ಲಿ ಎಲ್ಲೆಲ್ಲಿಂದ ತಂದಿದ್ದರೋ, ಹೂರಣದ ವಾಸನೆ ರಸ್ತೆವರೆಗೂ ಬರುತ್ತಿತ್ತು. ರೊಟ್ಟಿಗಳನ್ನು ಬಿಳಿ ಪಂಚೆಯಲ್ಲಿ ಸುತ್ತಿ ಒಟ್ಟಿದ್ದರು. ಬಂದವರ ಕಾಲಿಗೆ ತಂಬಿಗೆಯಲ್ಲಿ ನೀರು ಕೊಟ್ಟರು. ಎರಡು ಮೈಲಿ ದೂರದ ಬಾವಿಯಿಂದ ಹೊತ್ತ ನೀರದು ಎಂದು ಹೇಳಲು ನನಗೆ ಅಪ್ಪಣೆಯಿರಲಿಲ್ಲ, ಯಾಕೆಂದರೆ ಯಾರೂ ಅದನ್ನು ಬಾಯಿ ಬಿಟ್ಟು ಹೇಳಿರಲಿಲ್ಲ.

ಬೇವಿನ ಮರದ ಕೆಳಗೆ ಕುರ್ಚಿ ಹಾಕಿದ್ದರು. ಕಾರ್ಯದರ್ಶಿ ಲ್ಯಾಪ್‌ಟಾಪ್ ತೆರೆದ. ಅಧ್ಯಕ್ಷೆ ಮೊದಲ ಪ್ರಶ್ನೆ ಕೇಳಿದಳು: ಈ ಬರದಿಂದ ನಿಮ್ಮ ಬದುಕಿಗೆ ಏನಾಗಿದೆ?

ಊರಿನ ಹಿರಿಯರೊಬ್ಬರು ಎದ್ದು ರುಮಾಲು ಸರಿ ಮಾಡಿಕೊಂಡರು. “ಆರಾಮ ಅದೀವ್ರಿ. ನೀವು ಅಷ್ಟು ದೂರದಿಂದ ಬಂದೀರಿ, ದಣದೀರಿ. ಮೊದಲ ಊಟ ಮಾಡ್ರಿ.”

ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಕಾರ್ಯದರ್ಶಿಯ ಬೆರಳುಗಳು ಆಡಿದವು.

ಇಲ್ಲಿಂದ ಜನ ಬೇರೆ ಕಡೆ ಹೋಗುತ್ತಾರೆಯೇ? “ಹೋಗ್ತಾರ್ರಿ, ಬರ್ತಾರ್ರಿ. ಎಲ್ಲಾ ಊರಾಗ ಇದ್ದಂಗ.” ಅದನ್ನೂ ಹೇಳಿದೆ. ನನ್ನ ಮುಂದೆ ಅಂದು ಎದೆ ಬಡಿದುಕೊಂಡು ಅತ್ತ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸುಮ್ಮನೆ ನಗುತ್ತಿದ್ದಳು. ಕೊನೆಗೆ ಅಧ್ಯಕ್ಷೆ ಆಯಿಯ ಕಡೆ ತಿರುಗಿದಳು. ಮಕ್ಕಳ ವಿಷಯ ಹೇಳಿ, ಅವರ ಓದು ನಡೆಯುತ್ತಿದೆಯೇ?

ಇದೇ ಪ್ರಶ್ನೆ. ಇದಕ್ಕೇ ಅವರೆಲ್ಲ ಸಮುದ್ರ ದಾಟಿ ಬಂದದ್ದು. ಆಯಿ ನನ್ನನ್ನು ನೋಡಿದಳು, ಶಾಸಕರನ್ನು ನೋಡಿದಳು, ಒಲೆಯ ಕಡೆ ನೋಡಿದಳು.

“ಸಾಲಿ ಅದ್ರಿ, ಮಾಸ್ತರ ಅದಾರ. ಹುಡುಗ್ಯಾರು ಆರಾಮ ಅದಾರ. ಊಟ ತಯಾರ ಅದ, ಏಳ್ರಿ. ಉಂಡು ಕೂತು ಮಾತಾಡಣ.”

ನಾನು ಹೇಳಿದೆ. ಅಕ್ಷರ ಬಿಡದೆ ಹೇಳಿದೆ. ಅಧ್ಯಕ್ಷೆ ನಕ್ಕು ತಲೆಯಾಡಿಸಿ, ಗಡಿಯಾರ ನೋಡಿ, ಹಾಗಾದರೆ ಇಲ್ಲಿಗೆ ಮುಗಿಸೋಣ ಎಂಬಂತೆ ಕಾರ್ಯದರ್ಶಿಯ ಕಡೆ ನೋಡಿದಳು.

ಆಗ ನಾನು ಕೈ ಎತ್ತಿದೆ. ಅರ್ಧ ಹೆಜ್ಜೆ ಹಿಂದೆ ಕೂತವಳು ಎದ್ದು ನಿಂತೆ. ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದಿದ್ದರೆ ನನ್ನ ಕೆಲಸ ಸಲೀಸಾಗಿ ಮುಗಿಯುತ್ತಿತ್ತು, ಆ ಹುಡುಗಿಯರು ಊರಲ್ಲಿ ಉಳಿಯುತ್ತಿರಲಿಲ್ಲ. ಅಪ್ಪಣೆ ಕೇಳಿದೆ, ಸಿಕ್ಕಿತು. ಇಂಗ್ಲಿಷಿನಲ್ಲಿ ಹೇಳಿದೆ: “ಇದು ಸಾಕ್ಷಿಗಳ ಮಾತಲ್ಲ, ದುಭಾಷಿಯ ವಿವರಣೆ. ಈ ಸೀಮೆಯ ಜನ ಊಟ ಮಾಡದ ಅತಿಥಿಯ ಮುಂದೆ ತಮ್ಮ ಕಷ್ಟ ಹೇಳುವುದಿಲ್ಲ. ನೀವು ಕೇಳಿದ್ದು ಉತ್ತರವಲ್ಲ, ಮರ್ಯಾದೆ. ದಯವಿಟ್ಟು ಇವರ ಕೈಯ ಒಂದು ರೊಟ್ಟಿ ತಿನ್ನಿ, ಆಮೇಲೆ ಇದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿ.” ಮಾತು ಸ್ವಲ್ಪ ಉದ್ದವಾಯಿತು. ಒಲೆಯ ಕಡೆ ಕೈ ತೋರಿಸಿದ್ದೂ ನೆನಪಿದೆ.

ಅಧ್ಯಕ್ಷೆಯ ಮುಖ ಬದಲಾಯಿತು. ಆಕೆ ಶಾಸಕರನ್ನು ಕೇಳಿದಳು, ಇಲ್ಲಿ ಊಟ ಮಾಡಬಹುದೇ?

ಶಾಸಕರು ಎದ್ದು, ತಣ್ಣಗಿನ ದನಿಯಲ್ಲಿ, ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದರು: “ಭದ್ರತೆಯವರು ಒಪ್ಪಿಲ್ಲ. ಇನ್ನು, ನಮ್ಮ ದುಭಾಷಿ ಇದೇ ಸೀಮೆಯವರು, ಸ್ವಲ್ಪ ಭಾವುಕರು. ಅವರಿಗೆ ಈ ಕಲಮಿನ ಮೇಲೆ ಆಸೆಯಿದೆ. ಆತಿಥೇಯ ಸದಸ್ಯನಾಗಿ ನಾನು ಆಕ್ಷೇಪ ಎತ್ತುತ್ತೇನೆ. ವಿವರಣೆಯನ್ನು ದಾಖಲೆಯಿಂದ ತೆಗೆಯಬೇಕು.”

ಆತಿಥೇಯ ಸದಸ್ಯರ ಆಕ್ಷೇಪವನ್ನು ಅಧ್ಯಕ್ಷರು ತಳ್ಳಿಹಾಕುವಂತಿಲ್ಲ. ಅದೂ ನಿಯಮವೇ. ಅಧ್ಯಕ್ಷೆ ನನ್ನ ಕಡೆ ನೋಡಿ ತುಟಿ ಬಿಗಿ ಹಿಡಿದು ಎದ್ದಳು. ಎಲ್ಲರೂ ಎದ್ದರು. ಊರವರು ಊಟಕ್ಕೇ ಎದ್ದರೆಂದು ತಿಳಿದು ಚಾಪೆ ಬಿಚ್ಚತೊಡಗಿದರು. ಕಾರಿನ ಬಾಗಿಲು ಹಾಕಿಕೊಳ್ಳುವ ಸದ್ದು ಕೇಳಿದ ಮೇಲೆ ಅವರಿಗೆ ತಿಳಿಯಿತು. ಪಂಚೆಯ ಗಂಟು ಹಿಡಿದುಕೊಂಡು ಕಾರಿನ ತನಕ ಬಂದ ಆಯಿಯ ಮುಖವನ್ನು ನಾನು ಕಿಟಕಿಯಿಂದ ನೋಡಿದೆ. ಇಳಿದು ಮಾತಾಡಲು ನನಗೆ ಬಿಡುವು ಕೊಡಲಿಲ್ಲ. ದುಭಾಷಿ ಅಧ್ಯಕ್ಷರ ಕಾರಿನಲ್ಲೇ ಇರಬೇಕಂತೆ.

ಬೀದರದ ಗೆಸ್ಟ್ ಹೌಸಿನ ಊಟದ ನಂತರ ಅಧ್ಯಕ್ಷೆ ನಾಲ್ಕು ಮಾತಾಡಿದಳು. ದುಃಖ ನೋಡಲು ಬಂದಿದ್ದೆವು, ಆದರೆ ಎದೆಗುಂದದ ಜನರನ್ನು ಕಂಡೆವು. ಬರಕ್ಕೆ ಹೊಂದಿಕೊಂಡು ಬದುಕುವುದನ್ನು ಈ ಸೀಮೆ ಕಲಿತಿದೆ. ಇಲ್ಲಿನ ಸದಸ್ಯರ ಕೆಲಸ ಬೇರೆಯವರಿಗೆ ಮಾದರಿ. ತಂಡದ ಉಪಾಧ್ಯಕ್ಷ ಸ್ಥಾನಕ್ಕೆ ನಮ್ಮ ಶಾಸಕರ ಹೆಸರನ್ನು ಯಾರೋ ಸೂಚಿಸಿದರು, ಯಾರೋ ಅನುಮೋದಿಸಿದರು. ಗುಳೆಯ ಕಲಮಿಗೆ ಸಾಕ್ಷಿ ಸಿಗಲಿಲ್ಲವಾದ್ದರಿಂದ ಕೈಬಿಡಲಾಗಿದೆ ಎಂದು ಕಾರ್ಯದರ್ಶಿ ಓದಿದ. ಚಪ್ಪಾಳೆ ಬಿತ್ತು.

ನಾನು ಕಾರ್ಯದರ್ಶಿಯನ್ನು ಮೊಗಸಾಲೆಯಲ್ಲಿ ತಡೆದೆ. ಸಾಕ್ಷಿ ಮತ್ತೆ ಕೇಳಲು ದಾರಿಯಿಲ್ಲವೇ? ಇದೆ, ಅಂದ ಆತ. ಆತಿಥೇಯ ಸದಸ್ಯರು ಕೋರಿಕೆ ಕೊಟ್ಟರೆ ಸಾಕು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದೂ ಬೇಲಿಗೇ.

ಶಾಸಕರು ಹಿತ್ತಲ ಕಡೆಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು. ಹೋಗಿ ನಿಂತೆ.

“ಸಾರ್, ಸೆಕ್ಯೂರಿಟಿ ಬ್ಯಾಡಂದಿದ್ದು ಖರೇನಾ?”

ಅವರು ಕರವಸ್ತ್ರದಿಂದ ಬೆರಳು ಒಂದೊಂದಾಗಿ ಒರೆಸಿಕೊಂಡರು. ಸುಳ್ಳು ಹೇಳುತ್ತಾರೆ ಅಂದುಕೊಂಡಿದ್ದೆ. ಹೇಳಲಿಲ್ಲ.

“ಇಲ್ಲ ತಂಗಿ. ನಾನೇ ಬದಲಿ ಮಾಡ್ದೆ.”

“ಗೊತ್ತಿದ್ದೂ?”

“ಗೊತ್ತಿದ್ದೇ. ನೋಡು, ನನ್ನ ಸೀಮಿ ಮಂದಿ ಅತ್ತಿದ್ದು ಜಗತ್ತಿನ ಮುಂದ ದಾಖಲಾತು ಅಂದ್ರ ಮ್ಯಾಲಿನವರು ನನ್ನ ಸುಮ್ಮ ಬಿಡ್ತಿದ್ರೇನು? ಇಷ್ಟ ವರ್ಷ ನೀ ಏನ್ ಮಾಡಿದಿ ಅಂತ ಕೇಳ್ತಿದ್ರು. ಅಳೋ ಊರಿನವನಿಗೆ ಯಾರೂ ಕುರ್ಚಿ ಕೊಡಲ್ಲ. ಈಗ ಕುರ್ಚಿ ಬಂತು. ಆ ಕುರ್ಚಿ ಮ್ಯಾಲ ಕೂತು ನಾಳಿ ಇಂಥಾ ಹತ್ತು ಕಲಮು ತರ್ತೇನಿ.”

“ಈ ದೀಪಾವಳಿಗೆ ಹೋಗೋ ಹುಡುಗ್ಯಾರು?”

“ಒಂದು ವರ್ಷ ತಡೀಲಿ. ನಿಮಗ ರಾಜಕಾರಣ ತಿಳಿಯಂಗಿಲ್ಲ.” “ತಂಗಿ” ಹೋಗಿ ಮತ್ತೆ “ನೀವು” ಬಂದಿತ್ತು.

ಹೊರಗಿನವನು ಮೋಸ ಮಾಡಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಬೆಂಗಳೂರಿನ ಅಧಿಕಾರಿಗೆ, ಪರದೇಶದ ಸಂಸದನಿಗೆ ಈ ಮೋಸ ಹೊಳೆಯುವುದೇ ಇಲ್ಲ. ನಮ್ಮ ಮನೆಗಳಲ್ಲಿ ಉಂಡು ಬೆಳೆದವನಿಗೆ ಮಾತ್ರ ಗೊತ್ತು, ಊಟವನ್ನು ಬೇರೆ ಊರಿಗೆ ಸಾಗಿಸಿದರೆ ಈ ಜನರ ಬಾಯಿ ತಾನಾಗಿ ಮುಚ್ಚುತ್ತದೆ ಎಂದು. ಬೈದು ಬೆದರಿಸಿ ಬಾಯಿ ಮುಚ್ಚಿಸಿದ್ದರೆ ಅದಕ್ಕೊಂದು ಸಾಕ್ಷಿಯಾದರೂ ಇರುತ್ತಿತ್ತು. ಅವರ ಒಳ್ಳೆಯತನವನ್ನೇ ಅವರ ಬಾಯಿಗೆ ಬಟ್ಟೆ ಮಾಡಿ ತುರುಕಿದರು. ನಾನು ಆ ಸಂಜೆಯೇ ಕೆಲಸ ಬಿಟ್ಟೆ. ಅವರಿಗೆ ಅದರಿಂದ ಒಂದು ಕೂದಲೂ ಕೊಂಕಲಿಲ್ಲ, ಅದು ನನಗೂ ಗೊತ್ತಿತ್ತು.

ಆಮೇಲೆ ಕಾಲೇಜಿನ ಪರೀಕ್ಷೆ, ಪೇಪರು ತಿದ್ದುವುದು. ಅದು ನೆಪ. ಖರೆ ಹೇಳಬೇಕೆಂದರೆ ಆಯಿಗೆ ಯಾವ ಮುಖ ತೋರಿಸಲಿ ಎಂದು ತಿಳಿಯಲಿಲ್ಲ. ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಮನಸ್ಸು ಗಟ್ಟಿ ಮಾಡಿ ಔರಾದ ಬಸ್ಸು ಹತ್ತಿದೆ. ನಡೆದದ್ದನ್ನೆಲ್ಲ ಹೇಳಿಬಿಡಬೇಕು, ಊರವರನ್ನು ಕರಕೊಂಡು ಹೋಗಿ ಶಾಸಕರ ಮನೆ ಮುಂದೆ ಕೂರಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ.

ಊರು ಅರ್ಧ ಖಾಲಿಯಾಗಿತ್ತು. ಬಾಗಿಲುಗಳಿಗೆ ಮುಳ್ಳುಕಂಟಿ ಅಡ್ಡ ಇಟ್ಟು ಹೋಗಿದ್ದರು. ಆಯಿ ಮನೆಯಲ್ಲಿದ್ದಳು. ನನ್ನನ್ನು ನೋಡಿ ಎದ್ದು ತಂಬಿಗೆಯಲ್ಲಿ ನೀರು ತಂದು ಕೊಟ್ಟಳು.

“ಬರ್ರಿ ಅಕ್ಕೋರೆ.”

“ಹ್ಯಾಂಗ ಅದೀರಿ ಆಯಿ?”

“ಆರಾಮ ಅದೀನ್ರಿ.”

“ಮೊಮ್ಮಗಳು ಎಲ್ಲಿ?”

“ಅದಾಳ್ರಿ. ಆರಾಮ ಅದಾಳ. ಕೂಡ್ರಿ, ರೊಟ್ಟಿ ಬಡೀತೇನಿ.”

ಬೇಡ ಅನ್ನುವ ಧೈರ್ಯ ನನಗಿರಲಿಲ್ಲ. ಆಕೆ ಒಲೆ ಹಚ್ಚಿ, ಹಿಟ್ಟಿನ ಡಬ್ಬಿ ಮಗುಚಿ ತಳ ತಟ್ಟಿ ಹಿಟ್ಟು ಇಳಿಸಿ, ರೊಟ್ಟಿ ಬಡಿದಳು. ಹಿಂಡಿ ಹಚ್ಚಿ ಕೊಟ್ಟಳು. ಮುಂದೆ ಕೂತು ಬಡಿಸಿದಳು. ನಾನು ತಿನ್ನುವಷ್ಟು ಹೊತ್ತೂ ಕಾಲೇಜು ಹ್ಯಾಂಗ ನಡದದ, ಬೀದರದಾಗ ಮಳಿ ಆಯ್ತೇನು ಎಂದು ಅದೂ ಇದೂ ಕೇಳಿದಳು. ಕೈ ತೊಳೆಯಲು ನೀರು ಹಾಕಿದಳು. ಸೆರಗಿನಿಂದ ತನ್ನ ಕೈ ಒರೆಸಿಕೊಂಡು ಎದುರಿಗೆ ಕೂತಳು.

“ಹೊಟ್ಟಿ ತುಂಬ್ತೇನ್ರಿ?”

“ತುಂಬ್ತು ಆಯಿ.”

“ಹಂಗಾರ ಈಗ ಹೇಳ್ತೇನಿ. ಮೊಮ್ಮಗಳು ಟೋಳಿ ಕೂಡ ಹೋದ್ಲು. ಹೋಗೂ ಮುಂದ ಪುಸ್ತಕ ಚೀಲದಾಗ ಹಾಕ್ಕೊಂಡ್ಲು, ಅವರಪ್ಪ ತಗದು ಇಟ್ಟು ಹೋದ.” ದನಿಯಲ್ಲಿ ಏರಿಳಿತವಿರಲಿಲ್ಲ. “ಎಮ್ಮೆಲ್ಲೆ ಸಾಹೇಬ್ರು ಬಂದಿದ್ರು. ಪಾಪ, ಬಾಳ ನೊಂದ್ಕೊಂಡ್ರು. ಪಾವಣ್ಯಾರು ಉಣ್ಣಾಕ ತಯಾರ ಇದ್ರಂತ. ನೀವು ಎದ್ದು ನಿಂತು ಒಲಿ ಕಡಿ ಕೈ ಮಾಡಿ, ಇವರ ಕೈಯಾಂದು ಉಣಬ್ಯಾಡ್ರಿ, ಇವರು ಯಾರು ಅಂತ ನನಗ ಗೊತ್ತದ ಅಂತ ಇಂಗ್ಲಿಷಿನಾಗ ಹೇಳಿದ್ರಂತ. ಅದಕ್ಕ ಅವರು ಸಿಟ್ಟಾಗಿ ಎದ್ದು ಹೋದ್ರಂತ, ಹಾಸ್ಟೆಲ್ಲೂ ಹೋತಂತ.”

ನಾನು ಎದ್ದು ನಿಂತದ್ದನ್ನು ಊರೆಲ್ಲ ನೋಡಿತ್ತು. ಕೈ ತೋರಿಸಿದ್ದನ್ನು ನೋಡಿತ್ತು. ನಾನು ಉದ್ದಕ್ಕೆ ಇಂಗ್ಲಿಷ್ ಮಾತಾಡಿದ್ದನ್ನು, ಮಾತು ಮುಗಿದ ಕೂಡಲೇ ಅತಿಥಿಗಳು ಎದ್ದು ಹೋದದ್ದನ್ನು ಎಲ್ಲರೂ ಕಣ್ಣಾರೆ ನೋಡಿದ್ದರು. ನಮ್ಮ ಮನೆ ಲಿಂಗವಂತರದ್ದು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಅವರು ಹೇಳಿದ ಸುಳ್ಳಿಗೆ ಬೇಕಾದ ಪುರಾವೆಯನ್ನೆಲ್ಲ ನಾನೇ ಒದಗಿಸಿದ್ದೆ.

“ಇಲ್ಲ ಆಯಿ. ಉಣ್ರಿ ಅಂದೆ. ಇವರ ಕೈಯ ಒಂದು ರೊಟ್ಟಿ ತಿನ್ರಿ ಅಂದೆ. ಊಟ ಬೀದರಕ್ಕ ಒಯ್ದವರು ಸಾಹೇಬ್ರೇ. ಅವರ ಬಾಯಿಂದನೇ ನಾ ಕೇಳೀನಿ.”

ಹೇಳುತ್ತ ಹೇಳುತ್ತ ನನ್ನ ದನಿಯೇ ನನಗೆ ಸುಳ್ಳಿನಂತೆ ಕೇಳಿಸತೊಡಗಿತು. ಆಯಿ ನನ್ನ ಮುಖ ನೋಡಿದಳು. ನಂಬಲು ಆಕೆಗೂ ಆಸೆಯಿತ್ತು, ಅದು ಕಂಡಿತು.

“ಒಬ್ರೇ ಬಂದಾಗ ನಮ್ಮ ರೊಟ್ಟಿ ಉಂಡಿದ್ರಿ ಖರೆ, ನಾಕ ಮಂದಿ ಮುಂದ ಏನಂದ್ರೋ ನಮಗೇನು ಗೊತ್ತು. ಸಾಹೇಬ್ರು ನಮ್ಮವರು ಅಕ್ಕೋರೆ. ಸಣ್ಣವರಿದ್ದಾಗಿಂದ ಈ ಊರಾಗ ಉಂಡು ಹೋಗ್ಯಾರ. ನಮ್ಮ ಮಂದಿ ಹ್ಯಾಂಗಂತ ಅವರಿಗೆ ಗೊತ್ತಿಲ್ಲೇನು? ಹಂಗ್ಯಾಕ ಮಾಡ್ತಾರ?”

ಆ ದಿನ ಆ ಬೇವಿನ ಮರದ ಕೆಳಗೆ ಎರಡೂ ಭಾಷೆ ಚೆನ್ನಾಗಿ ಬಲ್ಲವರು ಇಬ್ಬರೇ ಇದ್ದೆವು, ಅವರು ಮತ್ತು ನಾನು. ವಿವರಣೆ ದಾಖಲೆಯಲ್ಲಿಲ್ಲ.

“ಇರ್ಲಿ ಬಿಡ್ರಿ,” ಅಂದಳು ಆಯಿ, ತಾಟು ಎತ್ತಿಕೊಳ್ಳುತ್ತ. “ಇಂಗ್ಲಿಷ್ ನಮಗೆಲ್ಲಿ ತಿಳೀತದ. ಇವತ್ತು ಉಂಡ್ರಲ್ಲ, ಅಷ್ಟೇ ಸಾಕು.”